48 ವೋಲ್ಟ್ ಸ್ಕೂಟರಿಗೆ ಐದನೆಯ ಬ್ಯಾಟರಿ: ಹೆಚ್ಚುವ ವೇಗದ ಲೆಕ್ಕವೇನು?

ಬೆಂಗಳೂರು: ಜರಗನಹಳ್ಳಿಯಿಂದ ಜಯನಗರ ನಾಲ್ಕನೇ ಬ್ಲಾಕಿಗೆ ಹೆಚ್ಚುಕಡಿಮೆ ಐದು ಕಿಲೋಮೀಟರ್ ದೂರ. ಗಂಟೆಗೆ 25 ಕಿ.ಮೀ. ವೇಗದ ವಿದ್ಯುತ್ ಸ್ಕೂಟರಿನಲ್ಲಿ ಎಲ್ಲೂ ನಿಲ್ಲದೆ ಸಾಗುವುದಾದರೆ 12 ನಿಮಿಷ ಸಾಕು. ಆದರೆ ಕನಕಪುರ ರಸ್ತೆಗೆ ಇಳಿದೊಡನೆ ಆ 25ರ ಮಿತಿ ಸವಾರನ ಪಾಲಿಗೆ ಶಿಕ್ಷೆಯಾಗಿ ತೋರುತ್ತದೆ. ಹಿಂದಿನಿಂದ ಬಸ್ಸಿನ ಹಾರ್ನು, ಎಡಗಡೆಯಿಂದ ನುಸುಳುವ ಆಟೊ, ಬಲಗಡೆಯಿಂದ ಗಾಳಿಯಂತೆ ದಾಟಿಹೋಗುವ ಪೆಟ್ರೋಲ್ ಬೈಕು. ಸಾರಕ್ಕಿ ಸಿಗ್ನಲ್ ತಲುಪುವ ಮೊದಲೇ ‘ಇನ್ನೂ ಸ್ವಲ್ಪ ವೇಗವಿದ್ದಿದ್ದರೆ’ ಎಂಬ ಆಸೆ ಮೊಳೆಯುತ್ತದೆ.

ಈ ಆಸೆಗೆ ಗ್ಯಾರೇಜುಗಳು ಸೂಚಿಸುವ ಮದ್ದು ಬಲು ಸರಳ. ಸೀಟಿನ ಕೆಳಗೆ ತಲಾ 12 ವೋಲ್ಟಿನ ನಾಲ್ಕು ಲೆಡ್ ಆಸಿಡ್ ಬ್ಯಾಟರಿಗಳಿವೆ. ಒಟ್ಟು 48 ವೋಲ್ಟ್. ಕಾಲಿಡುವ ಜಾಗದಲ್ಲೋ ಡಿಕ್ಕಿಯಲ್ಲೋ ಐದನೆಯದೊಂದನ್ನು ಇಟ್ಟು ಅದೇ ಸಾಲಿಗೆ ಜೋಡಿಸಿದರೆ 60 ವೋಲ್ಟ್. ಗಾಡಿ ಓಡುತ್ತದೆ ಎನ್ನುತ್ತಾರೆ. ಆ ಮಾತು ಸುಳ್ಳಲ್ಲ. ಗಾಡಿ ನಿಜಕ್ಕೂ ಓಡುತ್ತದೆ, ಮೋಟಾರು ಅಂದೇ ಸುಟ್ಟು ಕರಕಲಾಗುವುದೂ ಇಲ್ಲ. ಈ ಕೈಚಳಕ ಬಾಯಿಂದ ಬಾಯಿಗೆ ಹರಡಿರುವುದು ಅದರಿಂದಲೇ. ಅಪಾಯ ಅಡಗಿರುವುದು ಮೋಟಾರಿಗಿಂತ ಹೆಚ್ಚಾಗಿ ಅದರ ಸುತ್ತಲಿನ ಸಂಗತಿಗಳಲ್ಲಿ: ಕಂಟ್ರೋಲರಿನಲ್ಲಿ, ಬ್ಯಾಟರಿಯಲ್ಲಿ, ಬ್ರೇಕಿನಲ್ಲಿ ಮತ್ತು ಬಹುತೇಕರು ಯೋಚಿಸದೇ ಹೋಗುವ ಕಾನೂನಿನಲ್ಲಿ.

ಬೆಂಗಳೂರಿಗೆ 48 ವೋಲ್ಟ್ ಹೊಸದೇನಲ್ಲ. 2001ರಲ್ಲಿ ಇಲ್ಲಿಂದಲೇ ಮಾರುಕಟ್ಟೆಗೆ ಬಂದ ರೇವಾ ಕಾರು ತಲಾ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿಗಳನ್ನು ಹೊತ್ತು, ಅಷ್ಟೇ ವೋಲ್ಟೇಜಿನಲ್ಲಿ ನಗರವನ್ನು ಸುತ್ತುತ್ತಿತ್ತು. 2006ರಲ್ಲಿ ಗುಜರಾತಿನ ಎಲೆಕ್ಟ್ರೋಥರ್ಮ್ ಕಂಪನಿಯ ‘ಯೋ ಬೈಕ್ಸ್’ ಬಂದ ಬಳಿಕ ಪರವಾನಗಿ, ನೋಂದಣಿ ಎರಡೂ ಬೇಡದ ಕಡಿಮೆ ವೇಗದ ಸ್ಕೂಟರುಗಳು ಮಧ್ಯಮ ವರ್ಗದ ಅಂಗಳಕ್ಕೆ ಕಾಲಿಟ್ಟವು. ಕಾಲೇಜಿಗೆ ಹೋಗುವ ಮಗಳಿಗೆ, ತರಕಾರಿ ತರುವ ಮಾವನಿಗೆ, ಈಚಿನ ವರ್ಷಗಳಲ್ಲಿ ಮನೆಮನೆಗೆ ಊಟ ತಲುಪಿಸುವ ಹುಡುಗರಿಗೆ ಇವೇ ಆಸರೆ. ಆರ್ಡರುಗಳ ಲೆಕ್ಕದಲ್ಲಿ ಸಂಪಾದಿಸುವ ಹುಡುಗನಿಗೆ ವೇಗವೆಂದರೆ ನೇರವಾಗಿ ಹಣವೇ. ಆದ್ದರಿಂದ ಐದನೆಯ ಬ್ಯಾಟರಿಯ ಆಮಿಷವನ್ನು ಬರಿಯ ಶೋಕಿ ಎಂದು ತಳ್ಳಿಹಾಕುವಂತಿಲ್ಲ.

ಸುಡುವುದು ವೋಲ್ಟೇಜ್ ಅಲ್ಲ, ಪ್ರವಾಹ

ಮೋಟಾರಿನ ಮೇಲೆ ‘48 ವೋಲ್ಟ್, 250 ವ್ಯಾಟ್’ ಎಂದು ಬರೆದಿದ್ದರೆ ಅದರರ್ಥ 49ನೇ ವೋಲ್ಟಿಗೆ ಅದು ಸಿಡಿಯುತ್ತದೆ ಎಂದಲ್ಲ. ಈ ಅಂಕಿಗಳು ಮೂಲತಃ ಶಾಖಕ್ಕೆ ಸಂಬಂಧಿಸಿದವು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿಯೂ ಬಳಕೆಯಾಗಿರುವ ಪದ ‘ಮೂವತ್ತು ನಿಮಿಷಗಳ ಸಾಮರ್ಥ್ಯ’. ಅಂದರೆ ಅರ್ಧ ಗಂಟೆಯ ಕಾಲ ಎಡೆಬಿಡದೆ ದುಡಿದರೂ ಮೈ ಮಿತಿಮೀರಿ ಕಾಯದಂತೆ ಮೋಟಾರು ಕೊಡಬಲ್ಲ ಶಕ್ತಿ. ಒಂದೆರಡು ನಿಮಿಷದ ಮಟ್ಟಿಗೆ ಅದೇ ಮೋಟಾರು ಇದರ ಎರಡು ಮೂರು ಪಟ್ಟು ಶಕ್ತಿಯನ್ನು ಕೊಟ್ಟು ಸುಮ್ಮನಿರಬಹುದು.

ಹಳ್ಳಿಯ ನಂಟು ಉಳಿಸಿಕೊಂಡ ನಗರವಾಸಿಗಳಿಗೆ ಪಂಪ್‌ಸೆಟ್ ಸುಟ್ಟ ಸುದ್ದಿ ಅಪರಿಚಿತವಲ್ಲ. ಅಲ್ಲಿ ಮೋಟಾರು ಸುಡುವುದು ಬಹುಮಟ್ಟಿಗೆ ವೋಲ್ಟೇಜ್ ಹೆಚ್ಚಾದಾಗ ಅಲ್ಲ, ಕಡಿಮೆಯಾದಾಗ. ನೀರೆತ್ತುವ ಕೆಲಸ ಅಷ್ಟೇ ಇರುತ್ತದೆ. ವೋಲ್ಟೇಜ್ ಕುಸಿದಾಗ ಆ ಕೆಲಸ ಪೂರೈಸಲು ಮೋಟಾರು ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಪ್ರವಾಹ ತಾಮ್ರದ ಸುರುಳಿಯನ್ನು ಕಾಯಿಸುತ್ತದೆ. ಸ್ಕೂಟರಿನ ಗಾಲಿಯೊಳಗಿನ ಹಬ್ ಮೋಟಾರು ಬೇರೆ ಜಾತಿಯದಾದರೂ ಈ ಮಾತು ಅದಕ್ಕೂ ಅನ್ವಯಿಸುತ್ತದೆ. ಸುರುಳಿಯನ್ನು ಸುಡುವುದು ಪ್ರವಾಹ. ವೋಲ್ಟೇಜ್ ನಿರ್ಧರಿಸುವುದು ಗಾಲಿ ಎಷ್ಟು ವೇಗವಾಗಿ ತಿರುಗಬಲ್ಲದು ಎಂಬುದನ್ನು.

ಹೇಗೆಂದರೆ, ತಿರುಗುವ ಮೋಟಾರು ಹಳೆಯ ಸೈಕಲ್ಲಿನ ಡೈನಮೊದಂತೆ ತಾನೂ ವಿದ್ಯುತ್ ಹುಟ್ಟಿಸುತ್ತದೆ. ಹೀಗೆ ಹುಟ್ಟಿದ ವೋಲ್ಟೇಜ್ ಬ್ಯಾಟರಿಗೆ ಎದುರಾಗಿ ನಿಲ್ಲುತ್ತದೆ. ವೇಗ ಏರಿದಷ್ಟೂ ಈ ಎದುರು ವೋಲ್ಟೇಜ್ ಏರುತ್ತದೆ; ಅದು ಬ್ಯಾಟರಿಯ ವೋಲ್ಟೇಜಿಗೆ ಸಮೀಪಿಸಿದಾಗ ಒಳಗೆ ಪ್ರವಾಹ ತಳ್ಳಲು ಶಕ್ತಿಯೇ ಉಳಿಯದೆ ಗಾಡಿ ಅಲ್ಲಿಗೆ ನಿಲುಗಡೆಗೆ ಬರುತ್ತದೆ, ಅಂದರೆ ಅದಕ್ಕಿಂತ ಮುಂದೆ ವೇಗ ಏರುವುದಿಲ್ಲ. ಬ್ಯಾಟರಿಯ ವೋಲ್ಟೇಜನ್ನು ಹೆಚ್ಚಿಸಿದರೆ ಆ ಗಡಿ ಮುಂದಕ್ಕೆ ಸರಿಯುತ್ತದೆ. 48ರಿಂದ 60 ಎಂದರೆ ನಾಲ್ಕನೇ ಒಂದರಷ್ಟು ಏರಿಕೆ. 25 ಕಿ.ಮೀ. ವೇಗ ಸುಮಾರು 31 ಆಗುತ್ತದೆ. ಐದನೆಯ ಬ್ಯಾಟರಿಯೊಂದರಿಂದಲೇ 45, 50ರ ವೇಗ ಬಂತೆಂದು ಯಾರಾದರೂ ಹೇಳಿದರೆ, ಕಂಟ್ರೋಲರಿನಲ್ಲಿ ಕಾರ್ಖಾನೆ ಹಾಕಿದ್ದ ವೇಗಮಿತಿಯನ್ನೂ ತೆಗೆಯಲಾಗಿದೆ ಎಂದೇ ತಿಳಿಯಬೇಕು.

ಗಾಳಿಗೆ ಸಲ್ಲುವ ಕಪ್ಪ

ಆರು ಕಿಲೋಮೀಟರಿನ ಈ ಹೆಚ್ಚುವರಿ ವೇಗ ಬಿಟ್ಟಿಯಾಗಿ ಬರುವುದಿಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ಸವಾರನೂ ಸೇರಿ 150 ಕಿಲೋ ತೂಗುವ ಸ್ಕೂಟರನ್ನು ಸಮತಟ್ಟು ರಸ್ತೆಯಲ್ಲಿ 25 ಕಿ.ಮೀ. ವೇಗದಲ್ಲಿ ಓಡಿಸಲು ಗಾಲಿಯಲ್ಲಿ ಅಂದಾಜು 240 ವ್ಯಾಟ್ ಬೇಕು. ಅದೇ ಸ್ಕೂಟರು 31ರಲ್ಲಿ ಓಡಲು 390 ವ್ಯಾಟಿನಷ್ಟು ಬೇಕು. ವೇಗ ನಾಲ್ಕಾಣೆ ಹೆಚ್ಚಾದರೆ ಶಕ್ತಿ ಹತ್ತಾಣೆಯಷ್ಟು ಹೆಚ್ಚುತ್ತದೆ ಎನ್ನಬಹುದು.

ಇಲ್ಲೊಂದು ತಮಾಷೆಯಿದೆ. ಈ ಲೆಕ್ಕದಲ್ಲಿ ಪ್ರತಿ ಕಿಲೋಮೀಟರಿಗೆ ಖರ್ಚಾಗುವ ವಿದ್ಯುತ್ತು ಶೇ 30ರಷ್ಟು ಏರುತ್ತದೆ. ಐದನೆಯ ಬ್ಯಾಟರಿ ತಂದುಕೊಡುವ ಹೆಚ್ಚುವರಿ ವಿದ್ಯುತ್ತು ಶೇ 25 ಮಾತ್ರ. ಬ್ಯಾಟರಿಯೊಂದನ್ನು ಹೆಚ್ಚಾಗಿ ಹೊತ್ತರೂ ಒಮ್ಮೆ ಚಾರ್ಜ್ ಮಾಡಿದರೆ ಗಾಡಿ ಸಾಗುವ ದೂರ ಮೊದಲಿನಷ್ಟೇ, ಅಥವಾ ಕೊಂಚ ಕಡಿಮೆ. ಕೊಂಡು ತಂದ ಬ್ಯಾಟರಿ ತನ್ನಲ್ಲಿದ್ದುದನ್ನೆಲ್ಲ ಗಾಳಿಗೇ ಧಾರೆ ಎರೆಯುತ್ತದೆ; ಅದರ ಆರೇಳು ಕಿಲೋ ತೂಕ ಮಾತ್ರ ಸ್ಕೂಟರಿನ ಮೇಲೆ ಉಳಿಯುತ್ತದೆ.

ಉಳಿತಾಯವಾಗುವ ಸಮಯವನ್ನೂ ನೋಡೋಣ. ಜರಗನಹಳ್ಳಿಯಿಂದ ಜಯನಗರದ ಐದು ಕಿಲೋಮೀಟರಿಗೆ 12 ನಿಮಿಷದ ಬದಲು ಒಂಬತ್ತೂವರೆ ನಿಮಿಷ. ಅದೂ ದಾರಿಯಲ್ಲಿ ಒಂದೇ ಒಂದು ಕೆಂಪುದೀಪವೂ ಇಲ್ಲದಿದ್ದರೆ. 2023ರ ಟಾಮ್‌ಟಾಮ್ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನ ಕೇಂದ್ರ ಭಾಗದಲ್ಲಿ 10 ಕಿ.ಮೀ. ಕ್ರಮಿಸಲು ಸರಾಸರಿ 28 ನಿಮಿಷಕ್ಕೂ ಹೆಚ್ಚು ಸಮಯ ಹಿಡಿಯುತ್ತಿತ್ತು. ಗಂಟೆಗೆ ಸುಮಾರು 21 ಕಿ.ಮೀ. ಎಂದಾಯಿತು. ಶಪಿಸಲ್ಪಡುವ 25ರ ಮಿತಿಗಿಂತ ಕೋಟ್ಯಂತರ ರೂಪಾಯಿಯ ಕಾರುಗಳ ಸರಾಸರಿ ವೇಗವೇ ಕಡಿಮೆ!

ಮೋಟಾರಿನೊಳಗೆ ನಡೆಯುವುದೇನು? 31ರ ವೇಗದಲ್ಲಿ ಗಾಳಿಯನ್ನು ಸೀಳಲು ಹೆಚ್ಚು ಬಲ ಬೇಕು, ಹೆಚ್ಚು ಬಲಕ್ಕೆ ಹೆಚ್ಚು ಪ್ರವಾಹ ಬೇಕು. ಪ್ರವಾಹ ಶೇ 30ರಷ್ಟು ಏರಿದರೆ ಸುರುಳಿಯ ಶಾಖ ಅದರ ವರ್ಗದಂತೆ ಏರಿ ಶೇ 60ನ್ನು ದಾಟುತ್ತದೆ. ಜೊತೆಗೆ ವೇಗ ಹೆಚ್ಚಿದಂತೆ ಸುರುಳಿಯ ಒಳಗಿನ ಕಬ್ಬಿಣದ ತಿರುಳೂ ಕಾಯುತ್ತದೆ. ಹಬ್ ಮೋಟಾರಿನಲ್ಲಿ ಸುರುಳಿ ಇರುವುದು ನಟ್ಟನಡುವೆ. ಸುತ್ತ ತಿರುಗುವ ಹೊರಕವಚಕ್ಕೂ ಅದಕ್ಕೂ ನಡುವೆ ಗಾಳಿಯ ಸಂದು. ಶಾಖ ಹೊರಬರಲು ಸರಿಯಾದ ದಾರಿಯೇ ಇಲ್ಲ. ಹೊರಗಿನಿಂದ ಗಾಲಿ ಮುಟ್ಟಿ ನೋಡಿ ‘ತಣ್ಣಗೇ ಇದೆ’ ಎಂದು ನಿಟ್ಟುಸಿರು ಬಿಡುವ ಸವಾರನಿಗೆ ಒಳಗಿನ ಸ್ಥಿತಿ ತಿಳಿದಿರುವುದಿಲ್ಲ.

ಮೇಲ್ಸೇತುವೆಯ ಏರಿನಲ್ಲಿ ಇಬ್ಬರನ್ನು ಹೊತ್ತು ತೆವಳುವಾಗ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. 15 ಆಂಪಿಯರ್ ಮಿತಿಯ ಕಂಟ್ರೋಲರು 48 ವೋಲ್ಟಿನಲ್ಲಿ 720 ವ್ಯಾಟ್ ಒಳಗೆ ಬಿಟ್ಟರೆ 60ರಲ್ಲಿ 900 ಬಿಡುತ್ತದೆ. ಗಾಲಿ ನಿಧಾನವಾಗಿ ತಿರುಗುವಾಗ ಇದರ ದೊಡ್ಡ ಪಾಲು ಚಲನೆಯಾಗದೆ ಶಾಖವಾಗುತ್ತದೆ. ಶಾಖ ಅತಿಯಾದರೆ ನಿಯೋಡಿಮಿಯಂ ಅಯಸ್ಕಾಂತಗಳು ತಮ್ಮ ಸತ್ವ ಕಳೆದುಕೊಳ್ಳತೊಡಗುತ್ತವೆ. ಸಾಧಾರಣ ದರ್ಜೆಯವುಗಳಿಗೆ 80 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸೇ ಗಡಿ. ಹಾಗೆ ಸೊರಗಿದ ಮೋಟಾರು ನಿಲ್ಲುವುದಿಲ್ಲ. ಅಷ್ಟೇ ಬಲಕ್ಕೆ ಇನ್ನಷ್ಟು ಪ್ರವಾಹ ಬೇಡುತ್ತದೆ, ಮತ್ತಷ್ಟು ಕಾಯುತ್ತದೆ. ‘ಪಿಕಪ್ ಇಲ್ಲ, ಬ್ಯಾಟರಿ ಹೋಗಿರಬೇಕು’ ಎಂಬ ತೀರ್ಮಾನಕ್ಕೆ ಬಂದು ಮಾಲೀಕ ಬ್ಯಾಟರಿ ಬದಲಿಸುತ್ತಾನೆ. ದೋಷ ಗಾಲಿಯೊಳಗೆ ಹಾಗೇ ಉಳಿಯುತ್ತದೆ.

ಮೊದಲು ಸೋಲುವುದು ಕಂಟ್ರೋಲರ್

ಮೋಟಾರಿಗೆ ವೋಲ್ಟೇಜಿನ ಭಯವಿಲ್ಲ ಎಂದೆವಷ್ಟೆ, ಕಂಟ್ರೋಲರಿಗೆ ಇದೆ. ಅದರೊಳಗಿನ ಕೆಪಾಸಿಟರು ಮತ್ತು ಮಾಸ್ಫೆಟ್‌ಗಳು ಇಂತಿಷ್ಟು ವೋಲ್ಟ್ ತಡೆಯುತ್ತವೆಂದು ಅವುಗಳ ಮೈಮೇಲೇ ಬರೆದಿರುತ್ತದೆ. 48 ವೋಲ್ಟಿನ ಅಗ್ಗದ ಕಂಟ್ರೋಲರುಗಳಲ್ಲಿ 63 ವೋಲ್ಟಿನ ಕೆಪಾಸಿಟರು ಸಾಮಾನ್ಯ. ‘12 ವೋಲ್ಟ್’ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 13ರ ಸಮೀಪ ಇರುತ್ತದೆ. ನಾಲ್ಕಕ್ಕೆ 52, ನಿಶ್ಚಿಂತೆ. ಐದಕ್ಕೆ 65. ಬೆಳಿಗ್ಗೆ ಚಾರ್ಜರ್ ಕಿತ್ತು ಕೀಲಿ ತಿರುಗಿಸಿದ ಕ್ಷಣದಲ್ಲಿಯೇ ಕೆಪಾಸಿಟರು ತನ್ನ ಮಿತಿಯನ್ನು ದಾಟಿರುತ್ತದೆ. ಒಂದು ದಿನ, ಒಂದು ತಿಂಗಳು ತಡೆಯಬಹುದು. ತಡೆಯದ ದಿನ ಮಾಸ್ಫೆಟ್ ಶಾರ್ಟ್ ಆಗಿ ಮೋಟಾರು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಗಾಲಿ ಬಿಗಿಯಾಗಿ, ಗಾಡಿಯನ್ನು ತಳ್ಳಿಕೊಂಡು ಹೋಗುವುದೂ ಪ್ರಯಾಸವಾಗುತ್ತದೆ. ನಡುರಸ್ತೆಯಲ್ಲಿ, ಹಿಂದೆ ಬಸ್ಸಿರುವಾಗ ಹೀಗಾದರೆ ಗತಿಯೇನೆಂಬುದನ್ನು ವಿವರಿಸಬೇಕಿಲ್ಲ. ದೀಪ, ಹಾರ್ನುಗಳಿಗೆ 12 ವೋಲ್ಟ್ ಒದಗಿಸುವ ಪುಟ್ಟ ಪರಿವರ್ತಕವೂ ಇದೇ ಸಾಲಿನಲ್ಲಿದೆ. ಅದು ಕೈಕೊಟ್ಟರೆ ರಾತ್ರಿಯ ಹೊತ್ತು ಹೆಡ್‌ಲೈಟೇ ಇಲ್ಲ.

ಬ್ರೇಕಿನ ವಿಷಯ ಚಿಕ್ಕದು, ಆದರೆ ಲಘುವಲ್ಲ. ಓಡುವ ಗಾಡಿಯ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ. 25ಕ್ಕಿಂತ 31ರಲ್ಲಿ ಅದು ಒಂದೂವರೆ ಪಟ್ಟು ಮೀರುತ್ತದೆ, 40ರಲ್ಲಿ ಎರಡೂವರೆ ಪಟ್ಟು. ಡ್ರಮ್ ಬ್ರೇಕು ಮಾತ್ರ 25ಕ್ಕೆಂದು ಮಾಡಿದ್ದೇ. ಸಾಧಾರಣ ಸೈಕಲ್ಲಿಗೆ 36 ವೋಲ್ಟಿನ ಹಬ್ ಮೋಟಾರ್ ಕಿಟ್ ಕಟ್ಟಿಸಿ, ಆ ಬಳಿಕ 48 ವೋಲ್ಟಿನ ಬ್ಯಾಟರಿ ಕೊಡುವವರು ಇದನ್ನು ಇನ್ನೂ ಗಂಭೀರವಾಗಿ ಪರಿಗಣಿಸಬೇಕು. ಅಲ್ಲಿ ಬ್ರೇಕು ರಬ್ಬರಿನ ತುಂಡು; ಮೋಟಾರಿನ ಅಚ್ಚು ಸಡಿಲವಾದರೆ ಫೋರ್ಕಿನಿಂದ ಗಾಲಿಯೇ ಕಳಚಬಹುದು.

ನಾಲ್ಕರ ಚಾರ್ಜರಿಗೆ ಐದು ಬ್ಯಾಟರಿ

ಜೇಬಿಗೆ ದೊಡ್ಡ ಪೆಟ್ಟು ಕೊಡುವುದು ಬ್ಯಾಟರಿ. 48 ವೋಲ್ಟಿನ ಕಂಟ್ರೋಲರು ಒಟ್ಟು ವೋಲ್ಟೇಜ್ 42ಕ್ಕೆ ಇಳಿದಾಗ ಮೋಟಾರನ್ನು ನಿಲ್ಲಿಸುತ್ತದೆ. 42ನ್ನು ನಾಲ್ಕರಿಂದ ಭಾಗಿಸಿದರೆ ಹತ್ತೂವರೆ. ಲೆಡ್ ಆಸಿಡ್ ಬ್ಯಾಟರಿಯನ್ನು ಅದಕ್ಕಿಂತ ಕೆಳಗೆ ಬರಿದು ಮಾಡಬಾರದೆಂಬುದೇ ಆ ಅಂಕಿಯ ಮರ್ಮ. ಐದನೆಯದನ್ನು ಸೇರಿಸಿದ ಮೇಲೂ ಕಂಟ್ರೋಲರು ಕಾಯುವುದು ಅದೇ 42ಕ್ಕೆ. ಐದರಿಂದ ಭಾಗಿಸಿದರೆ 8.4. ಅಷ್ಟು ಆಳಕ್ಕೆ ಹಲವು ಬಾರಿ ಇಳಿದ ಬ್ಯಾಟರಿ ಮತ್ತೆ ಮೊದಲಿನ ಸ್ಥಿತಿಗೆ ಬರುವುದಿಲ್ಲ. ವೇಗಕ್ಕೆಂದು ತಂದ ಒಂದು ಬ್ಯಾಟರಿ ಉಳಿದ ನಾಲ್ಕನ್ನೂ ಕಾಯುತ್ತಿದ್ದ ಕಾವಲುಗಾರನನ್ನು ಕೆಲಸದಿಂದ ತೆಗೆದಂತಾಯಿತು.

ಚಾರ್ಜಿಂಗ್ ಕಡೆಯಲ್ಲಿ ಇದರ ತಿರುವುಮುರುವು. 48 ವೋಲ್ಟಿನ ಚಾರ್ಜರು 59 ವೋಲ್ಟಿನ ಆಸುಪಾಸಿನಲ್ಲಿ ತನ್ನ ಕೆಲಸ ಮುಗಿಸುತ್ತದೆ. ಅದನ್ನು ಐವರು ಹಂಚಿಕೊಂಡರೆ ತಲಾ 11.8, ಯಾವುದೂ ತುಂಬುವುದಿಲ್ಲ. ಐದನೆಯದನ್ನು ಪ್ರತ್ಯೇಕ ಚಾರ್ಜರಿಗೆ ಹಾಕುವ ಜಾಣತನವೂ ಉಂಟು. ಅಷ್ಟಾದರೂ ಎರಡು ವರ್ಷ ದುಡಿದ ನಾಲ್ಕರ ಜೊತೆ ಹೊಸದೊಂದನ್ನು ಸಾಲಿಗೆ ನಿಲ್ಲಿಸಿದರೆ ಮೊದಲು ಬರಿದಾಗುವುದು ಅತ್ಯಂತ ದುರ್ಬಲವಾದದ್ದು. ಉಳಿದವು ಅದರ ಮೂಲಕ ಪ್ರವಾಹ ತಳ್ಳುತ್ತಲೇ ಇರುತ್ತವೆ. ಕೆಲವೊಮ್ಮೆ ಅದರೊಳಗಿನ ಕೋಶಗಳು ತಿರುಗಿ ಉಲ್ಟಾ ಚಾರ್ಜ್ ಆಗುವುದೂ ಉಂಟು.

ಲಿಥಿಯಂ ಬ್ಯಾಟರಿಯಾದರೆ ಪ್ರಶ್ನೆ ಹಣದ್ದಷ್ಟೇ ಅಲ್ಲ. 48 ವೋಲ್ಟಿನ ಪ್ಯಾಕಿನಲ್ಲಿ ಸಾಮಾನ್ಯವಾಗಿ 13 ಕೋಶಗಳ ಸಾಲಿದ್ದು ಪೂರ್ಣ ಚಾರ್ಜ್ ಆದಾಗ 54.6 ವೋಲ್ಟ್ ಇರುತ್ತದೆ. ಪ್ರತಿ ಕೋಶದ ಮೇಲೆ ಕಣ್ಣಿಡಲು ಒಳಗೊಂದು ರಕ್ಷಣಾ ಫಲಕವಿರುತ್ತದೆ. ಅದಕ್ಕೆ ಹೊರಗಿನಿಂದ ಇನ್ನೂ ಮೂರು ಕೋಶ ಪೋಣಿಸಿದರೆ ಆ ಮೂರರ ಯೋಗಕ್ಷೇಮ ಯಾರದೂ ಅಲ್ಲ. 2022ರ ಮಾರ್ಚ್‌ನಲ್ಲಿ ಪುಣೆಯಲ್ಲಿ ಸ್ಕೂಟರೊಂದು ಹೊತ್ತಿ ಉರಿದದ್ದು, ಅದೇ ವೇಳೆ ತಮಿಳುನಾಡಿನ ವೆಲ್ಲೂರಿನಲ್ಲಿ ಸ್ಕೂಟರಿನ ಬೆಂಕಿ, ಹೊಗೆಗೆ ತಂದೆ, ಮಗಳು ಬಲಿಯಾದದ್ದು ದೇಶವನ್ನು ಬೆಚ್ಚಿಬೀಳಿಸಿದ್ದವು. ಆ ಬಳಿಕ ಕೇಂದ್ರ ಸರ್ಕಾರ ಎಐಎಸ್-156 ಎಂಬ ಮಾನದಂಡವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಅಂತ್ಯದಿಂದ ಎರಡು ಹಂತಗಳಲ್ಲಿ ಜಾರಿಗೆ ತಂದಿತು. ಆ ಅವಘಡಗಳಿಗೂ ವೋಲ್ಟೇಜ್ ಏರಿಸುವ ಪದ್ಧತಿಗೂ ನಂಟು ಕಟ್ಟುವುದು ತಪ್ಪಾಗುತ್ತದೆ. ಆದರೆ ಅಂಥ ಪರೀಕ್ಷೆಗಳೆಲ್ಲ ಕಾರ್ಖಾನೆ ಮುಚ್ಚಿ ಕಳುಹಿಸಿದ ಪೆಟ್ಟಿಗೆಗೆ ಸಂಬಂಧಿಸಿದವು. ಅದನ್ನು ಬಿಚ್ಚಿ ಜೋಡಿಸಿದ ಮೇಲೆ ಆ ಮುದ್ರೆಗೆ ಬೆಲೆಯಿಲ್ಲ.

ಸ್ಕೂಟರು ‘ಮೋಟಾರು ವಾಹನ’ವಾಗುವ ಕ್ಷಣ

ಈ ಪುಟ್ಟ ಸ್ಕೂಟರುಗಳಿಗೆ ನೋಂದಣಿ ಬೇಡವೆಂಬುದು ಯಾರದೋ ಔದಾರ್ಯವಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರಿನ ಮೂವತ್ತು ನಿಮಿಷಗಳ ಸಾಮರ್ಥ್ಯ 250 ವ್ಯಾಟಿಗಿಂತ ಕಡಿಮೆಯಿದ್ದು, ಗರಿಷ್ಠ ವೇಗ 25 ಕಿ.ಮೀ.ಗಿಂತ ಕೆಳಗಿದ್ದು, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದಿದ್ದರೆ ಅದು ಕಾನೂನಿನ ಕಣ್ಣಿಗೆ ಮೋಟಾರು ವಾಹನವೇ ಅಲ್ಲ. ಪೆಡಲ್ ಇರುವ ವಿದ್ಯುತ್ ಸೈಕಲ್ಲಿಗೂ 250 ಮತ್ತು 25ರ ಮಿತಿಗಳೇ. ಸವಾರ ತುಳಿಯುವುದನ್ನು ನಿಲ್ಲಿಸಿದರೆ ಮೋಟಾರೂ ನಿಲ್ಲಬೇಕು. ಯುರೋಪಿನ ಒಕ್ಕೂಟದಲ್ಲೂ ವಿದ್ಯುತ್ ಸೈಕಲ್ಲಿಗೆ ಇವೇ ಎರಡು ಅಂಕಿಗಳು.

ಐದನೆಯ ಬ್ಯಾಟರಿಯ ತಂತಿ ಬಿಗಿದ ಕ್ಷಣ ಈ ವಿನಾಯಿತಿ ಕೈತಪ್ಪುತ್ತದೆ. ನಿನ್ನೆಯವರೆಗೆ ಸೈಕಲ್ಲಿಗೆ ಸಮನಾಗಿದ್ದದ್ದು ಇಂದು ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಅದನ್ನು ಓಡಿಸುವವರು ಬಹಳಷ್ಟು ಸಲ ಪರವಾನಗಿಯಿಲ್ಲದ ಚಾಲಕರು. ಮೋಟಾರು ವಾಹನ ಕಾಯ್ದೆಯಲ್ಲಿ ನೋಂದಣಿಯಿಲ್ಲದ್ದಕ್ಕೆ ಮೊದಲ ಬಾರಿ 5,000 ರೂ.ವರೆಗೆ, ಪರವಾನಗಿಯಿಲ್ಲದ್ದಕ್ಕೆ 5,000 ರೂ., ವಿಮೆಯಿಲ್ಲದ್ದಕ್ಕೆ 2,000 ರೂ. ದಂಡ ನಮೂದಾಗಿದೆ. ರಾಜ್ಯ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸ್ಥಳದಲ್ಲೇ ಕಟ್ಟುವ ಹಲವು ದಂಡಗಳನ್ನು ಇಳಿಸಿತೆಂಬುದು ನಿಜ. ಮಹಾರಾಷ್ಟ್ರದಲ್ಲಿ 2022ರ ಮೇ ತಿಂಗಳಿನಲ್ಲಿ, 250 ವ್ಯಾಟ್ ಹಾಗೂ 25 ಕಿ.ಮೀ. ಮಿತಿ ಮೀರುವಂತೆ ಮಾರ್ಪಡಿಸಿದ ವಿದ್ಯುತ್ ಬೈಕುಗಳ ವಿರುದ್ಧ ಸಾರಿಗೆ ಇಲಾಖೆ ಕಾರ್ಯಾಚರಣೆಗೆ ಇಳಿದಿತ್ತು. ನೋಂದಾಯಿತ ವಾಹನಗಳ ಮಟ್ಟಿಗಂತೂ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿದೆ.

ದಂಡ ಕಟ್ಟಿ ಪಾರಾಗಬಹುದು. ಪಾರಾಗಲಾಗದ್ದು ಬೇರೆಯಿದೆ. ಇಂಥ ಸ್ಕೂಟರು ಪಾದಚಾರಿಯೊಬ್ಬರಿಗೆ ಡಿಕ್ಕಿ ಹೊಡೆದು ಗಾಯವೋ ಸಾವೋ ಸಂಭವಿಸಿದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಪರಿಹಾರ ನಿಗದಿ ಮಾಡುತ್ತದೆ. ವಿಮಾ ಕಂಪನಿಯೇ ಇಲ್ಲದ ಕಡೆ ಆ ಮೊತ್ತ ಮಾಲೀಕನ ಹೆಗಲಿಗೆ. ಅದು ಲಕ್ಷಗಳಲ್ಲಿರಬಹುದು, ಮನೆಯನ್ನೇ ನುಂಗಬಹುದು.

ಇನ್ನು ಸವಾರಿ ಮಾಡುತ್ತಿದ್ದುದು ಮನೆಯ ಹದಿನಾರರ ಹುಡುಗನಾಗಿದ್ದರೆ? ‘ಲೈಸೆನ್ಸ್ ಬೇಡವಲ್ಲ’ ಎಂದೇ ಮಕ್ಕಳಿಗೆ ಈ ಗಾಡಿ ಕೊಡಿಸಿದ ತಂದೆತಾಯಿ ಅನೇಕರಿದ್ದಾರೆ. ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಮಿನಂತೆ, ಅಪ್ರಾಪ್ತರು ಮೋಟಾರು ವಾಹನದ ಅಪರಾಧವೆಸಗಿದರೆ ಪೋಷಕರೇ ತಪ್ಪಿತಸ್ಥರೆಂದು ಭಾವಿಸಲಾಗುತ್ತದೆ. ಮೂರು ವರ್ಷದವರೆಗೆ ಸೆರೆವಾಸ, 25,000 ರೂ. ದಂಡ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. ಮಗ ತನ್ನ ಪಾಕೆಟ್ ಮನಿಯಲ್ಲಿ ಗುಟ್ಟಾಗಿ ಐದನೆಯ ಬ್ಯಾಟರಿ ಹಾಕಿಸಿದ್ದ, ತಮಗೆ ತಿಳಿದಿರಲಿಲ್ಲ ಎಂಬುದನ್ನು ಸಾಬೀತುಪಡಿಸುವ ಹೊಣೆಯೂ ತಂದೆಯದೇ.

ವೇಗ ನಿಜಕ್ಕೂ ಬೇಕಾದವರಿಗೆ ಅದಕ್ಕೆಂದೇ ತಯಾರಾದ ವಾಹನಗಳಿವೆ. ಬೆಂಗಳೂರಿನದೇ ಏಥರ್ ಕಂಪನಿ 2018ರಲ್ಲಿ ಇಲ್ಲಿ ಬಿಡುಗಡೆ ಮಾಡಿದ 450 ಸ್ಕೂಟರಿನ ಗರಿಷ್ಠ ವೇಗ 80 ಕಿ.ಮೀ. ಅಂಥ ವಾಹನಗಳಲ್ಲಿ ಮೋಟಾರು, ಬ್ಯಾಟರಿಗಳ ಶಾಖ ಅಳೆಯುವ ವ್ಯವಸ್ಥೆಯಿದ್ದು, ಮಿತಿ ಸಮೀಪಿಸಿದಾಗ ಶಕ್ತಿ ತಾನಾಗಿ ತಗ್ಗುತ್ತದೆ. ಬೆಲೆ ಹೆಚ್ಚು, ನಂಬರ್ ಪ್ಲೇಟು ಬೇಕು, ಹೆಲ್ಮೆಟ್ಟೂ ಬೇಕು.

ಹಳೆಯ ಕಡಿಮೆ ವೇಗದ ಸ್ಕೂಟರನ್ನು ಕೈಬದಲಿನಲ್ಲಿ ಕೊಳ್ಳುವವರು ಸೀಟು ಎತ್ತಿ ಬ್ಯಾಟರಿಗಳನ್ನು ಎಣಿಸುವುದು ಮೊದಲ ಕೆಲಸ. ಕಂಟ್ರೋಲರಿನ ಮೇಲೆ, ಮೋಟಾರಿನ ಮೇಲೆ, ಚಾರ್ಜರಿನ ಚೀಟಿಯ ಮೇಲೆ ಒಂದೇ ವೋಲ್ಟ್ ಬರೆದಿದೆಯೇ ನೋಡಬೇಕು. ಡಿಕ್ಕಿಯೊಳಗೆ ಈಗ ಏನೂ ಇಲ್ಲದಿದ್ದರೂ ಬ್ಯಾಟರಿ ಕೂತಿದ್ದ ಗುರುತು, ಟೇಪು ಸುತ್ತಿದ ಹೆಚ್ಚುವರಿ ತಂತಿ ಉಳಿದಿರುತ್ತವೆ. ಬ್ಯಾಟರಿಗಳ ಮೇಲೆ ತಯಾರಿಕೆಯ ತಿಂಗಳು ಅಚ್ಚಾಗಿರುತ್ತದೆ. ನಾಲ್ಕರ ಮೇಲೆ ಒಂದು, ಐದನೆಯದರ ಮೇಲೆ ಮತ್ತೊಂದು ಇದ್ದರೆ ಐದೂ ಬ್ಯಾಟರಿಗಳ ಬೆಲೆಯನ್ನು ಕಳೆದೇ ವ್ಯಾಪಾರ ಕುದುರಿಸುವುದು ಒಳಿತು.